ಪುಟ್ಟನಿಗೆ ಕೊಟ್ಟ ಮಾತು, ಅರ್ಧಕ್ಕೆ ನಿಂತ ಸ್ಪೈಡರ್‌ಮ್ಯಾನ್

ತಾರೀಕು ನಮಗೆ ಚೆನ್ನಾಗಿ ನೆನಪಿದೆ. 2023ರ ಜೂನ್ 11, ಭಾನುವಾರ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ ಅಂತ ಶಕ್ತಿ ಯೋಜನೆ ಶುರುವಾದ ದಿನ. ಯೋಜನೆ ಶುರುವಾಗಿದ್ದು ಮಧ್ಯಾಹ್ನ. ನಾವು ಮೂವರು, ಇಬ್ಬರು ಹುಡುಗಿಯರು ಒಬ್ಬ ಹುಡುಗ, ಬೆಳಿಗ್ಗೆ ಎಂಟೂವರೆಗೇ ಆಯನೂರಿನ ಬಸ್ ಸ್ಟಾಪಿನಲ್ಲಿ ನಿಂತಿದ್ದೆವು. ಹಾಗಾಗಿ ಹೋಗುವಾಗ ಎಲ್ಲರೂ ದುಡ್ಡು ಕೊಟ್ಟೇ ಹೋದೆವು. ಬರುವಾಗಿನ ಕಥೆ ಆಮೇಲೆ ಹೇಳ್ತೀವಿ.

ಜೊತೆಗೆ ಪುಟ್ಟ ಇದ್ದ. ನಮ್ಮಲ್ಲೊಬ್ಬಳ ಅಕ್ಕನ ಮಗ. ಆಗ ಅವನಿಗೆ ಒಂಬತ್ತು ವರ್ಷ, ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಆ ವರ್ಷ ಮುಂಗಾರು ತಡವಾಗಿತ್ತು. ಮಳೆ ಇಲ್ಲದಿದ್ದರೂ ಅವನ ಕೈಯಲ್ಲಿ ಕೊಡೆ ಇತ್ತು. ಅದು ಕೊಡೆಯಲ್ಲ, ಬಲೆ ಬಿಡೋ ಯಂತ್ರ ಅಂತ ಅವನು ನಮಗೆ ಎರಡು ಸಲ ಹೇಳಿದ.

ಹೊರಟಿದ್ದು ಶಿವಮೊಗ್ಗಕ್ಕೆ, 'ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್' ನೋಡೋದಕ್ಕೆ. ಅದು ಜೂನ್ 1ರಂದು ಭಾರತದಲ್ಲಿ ಬಿಡುಗಡೆಯಾಗಿತ್ತು, ಅಮೆರಿಕಕ್ಕಿಂತ ಒಂದು ದಿನ ಮೊದಲು. ನಮ್ಮನ್ನು ಕುಣಿಸಿದ್ದು ಅದಲ್ಲ, ಪೋಸ್ಟರಿನ ಇನ್ನೊಂದು ಸುದ್ದಿ. ಈ ಸಿನಿಮಾ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬರ್ತಿತ್ತು: ಇಂಗ್ಲಿಷ್, ಹಿಂದಿ, ತಮಿಳು, ತೆಲುಗು, ಮಲಯಾಳಂ, ಗುಜರಾತಿ, ಮರಾಠಿ, ಪಂಜಾಬಿ, ಬಂಗಾಳಿ. ಹತ್ತನೆಯದು ಕನ್ನಡ.

ಪೋಸ್ಟರ್ ನೋಡಿದ ದಿನವೇ ನಾವು ಪುಟ್ಟನಿಗೆ ಮಾತು ಕೊಟ್ಟಿದ್ದೆವು. "ಈ ಸಲ ಸ್ಪೈಡರ್‌ಮ್ಯಾನ್ ಕನ್ನಡದಲ್ಲೇ ಮಾತಾಡ್ತಾನೆ ಕಣೋ. ನಿನ್ನ ಕರ್ಕೊಂಡು ಹೋಗ್ತೀವಿ."

"ನಮ್ಮ ಕನ್ನಡದಲ್ಲಾ?" ಅಂತ ಕೇಳಿದ.

"ಹೌದೋ ಮಾರಾಯ, ನಮ್ಮ ಕನ್ನಡದಲ್ಲೇ."

ಈ ಮಾತಿನ ತೂಕ ಗೊತ್ತಾಗಬೇಕಾದರೆ ನಾವು ಸ್ಪೈಡರ್‌ಮ್ಯಾನ್ ನೋಡಿ ಬೆಳೆದ ರೀತಿ ಹೇಳಬೇಕು.

ನಮಗೆ ಸ್ಪೈಡರ್‌ಮ್ಯಾನ್ ಸಿಕ್ಕಿದ್ದು ಟಿವಿಯಲ್ಲಿ, ಹಿಂದಿಯಲ್ಲಿ. ಹಿಂದಿ ನಮಗೆ ಬರ್ತಿರಲಿಲ್ಲ. ಹಾರೋದು, ಹೊಡೆಯೋದು ಅರ್ಥವಾಗ್ತಿತ್ತು, ಅಳೋದು ಯಾಕೆ ಅಂತ ಅರ್ಥವಾಗ್ತಿರಲಿಲ್ಲ. ಪೀಟರ್ ಪಾರ್ಕರನ ಮಾವ ಸಾಯೋ ದೃಶ್ಯ ಬಂದಾಗಲೆಲ್ಲ ನಾವೇ ಒಂದು ಕಥೆ ಕಟ್ಟಿಕೊಳ್ತಿದ್ದೆವು. ನಮ್ಮಲ್ಲೊಬ್ಬ ಅದನ್ನು ಜಮೀನಿನ ಜಗಳ ಅಂತಲೇ ಎರಡು ವರ್ಷ ನಂಬಿದ್ದ. ನಮ್ಮೂರ ಕಡೆ ಮನೆಯೊಳಗೆ ಜಗಳ ಅಂದರೆ ಮೊದಲು ಹೊಳೆಯೋದು ಅದೇ ತಾನೇ.

2007ರಲ್ಲಿ 'ಸ್ಪೈಡರ್‌ಮ್ಯಾನ್ 3' ಬಂದಾಗ ಭಾರತದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಅಷ್ಟೇ ಅಲ್ಲ, ಭೋಜಪುರಿಯಲ್ಲೂ ಬಂತು. ಕನ್ನಡದಲ್ಲಿ ಬರಲಿಲ್ಲ. ಇದನ್ನು ನಾವು ಓದಿ ತಿಳಿದುಕೊಂಡಿದ್ದು ಎಷ್ಟೋ ವರ್ಷದ ಮೇಲೆ, ಶಂಕರಘಟ್ಟದಲ್ಲಿ ಪತ್ರಿಕೋದ್ಯಮ ಓದುವಾಗ. ಭೋಜಪುರಿ ಮಕ್ಕಳ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೂ ಅವತ್ತು ಹಾಸ್ಟೆಲಿನ ಊಟದ ಹೊತ್ತಿನಲ್ಲಿ ಇದೇ ಮಾತು ಬಹಳ ಹೊತ್ತು ನಡೆದಿತ್ತು.

ಕನ್ನಡದಲ್ಲಿ ಯಾಕೆ ಬರಲಿಲ್ಲ ಅನ್ನೋದು ನಿಮ್ಮಲ್ಲಿ ಹಿರಿಯರಿಗೆ ಗೊತ್ತಿರುತ್ತೆ. 1960ರ ದಶಕದಿಂದ ಕನ್ನಡ ಚಿತ್ರರಂಗ ಡಬ್ಬಿಂಗನ್ನು ಹೊರಗಿಟ್ಟಿತ್ತು. ಅದು ಕಾನೂನಲ್ಲ, ಚಿತ್ರರಂಗದವರು ತಾವೇ ಮಾಡಿಕೊಂಡ ಕಟ್ಟುಪಾಡು. ಆ ಕಾಲಕ್ಕೆ ಅದಕ್ಕೆ ಕಾರಣವಿತ್ತು. ಕನ್ನಡದಲ್ಲಿ ತಯಾರಾಗ್ತಿದ್ದ ಸಿನಿಮಾಗಳೇ ಕಡಿಮೆ. ಬೇರೆ ಭಾಷೆಯ ದೊಡ್ಡ ಸಿನಿಮಾಗಳು ಡಬ್ ಆಗಿ ಬಂದರೆ ಇಲ್ಲಿನ ನಟರಿಗೆ, ಕೆಲಸಗಾರರಿಗೆ ಅನ್ನ ಎಲ್ಲಿಂದ ಬರಬೇಕು ಅನ್ನೋದು ನಿಜವಾದ ಪ್ರಶ್ನೆಯಾಗಿತ್ತು. ಡಾ. ರಾಜ್‌ಕುಮಾರ್ ಅವರಂಥವರು ಅದರ ಪರ ನಿಂತಿದ್ದನ್ನು ನಾವು ಹಗುರವಾಗಿ ನೋಡಲ್ಲ.

ಆದರೆ ಕಾಲ ಬದಲಾದ ಮೇಲೂ ಕಟ್ಟುಪಾಡು ಹಾಗೇ ಉಳಿಯಿತು. 2012ರಲ್ಲಿ ಆಮಿರ್ ಖಾನರ 'ಸತ್ಯಮೇವ ಜಯತೆ' ಬೇರೆ ಭಾಷೆಗಳಲ್ಲಿ ಬಂದಾಗ ಕನ್ನಡದ ಟಿವಿಯಲ್ಲಿ ಬರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಹೀಗೆ ತಡೆಯೋದು ತಪ್ಪು ಅಂತ ಹೇಳಿತು. 2017ರಲ್ಲಿ ತಮಿಳಿನ ಅಜಿತ್ ಸಿನಿಮಾವೊಂದು 'ಸತ್ಯದೇವ್ ಐಪಿಎಸ್' ಅನ್ನೋ ಹೆಸರಲ್ಲಿ ಕನ್ನಡ ಮಾತಾಡಿತು. 2020ರ ಲಾಕ್‌ಡೌನಿನಲ್ಲಿ ಸ್ಟಾರ್ ಸುವರ್ಣದಲ್ಲಿ 'ಮಹಾಭಾರತ' ಕನ್ನಡಕ್ಕೆ ಡಬ್ ಆಗಿ ಬಂದಿದ್ದನ್ನು ನೀವೂ ನೋಡಿರ್ತೀರಿ. ಪುಟ್ಟನ ಅಜ್ಜಿ ಅದನ್ನು ಒಂದು ದಿನವೂ ತಪ್ಪಿಸಲಿಲ್ಲ. ಅವರಿಗೆ ಅದು ಡಬ್ಬಿಂಗ್ ಅಂತ ಗೊತ್ತೂ ಇರಲಿಲ್ಲ. ಕೃಷ್ಣ ಕನ್ನಡ ಮಾತಾಡದೆ ಇನ್ನೇನು ಮಾತಾಡ್ತಾನೆ ಅಂತ ಅವರ ಲೆಕ್ಕ.

ನಮ್ಮ ಕಡೆಗೆ ಇನ್ನೊಂದು ಕಥೆಯೂ ಇದೆ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ತೆಗೆದಿದ್ದು ನಮ್ಮದೇ ಜಿಲ್ಲೆಯ ಆಗುಂಬೆಯಲ್ಲಿ. ರೈಲಿನ ದೃಶ್ಯಗಳಿಗೆ ಬಂದಿದ್ದು ಆಯನೂರಿನಿಂದ ಮುಂದೆ ಸಿಗೋ ಅರಸಾಳು ಸ್ಟೇಷನ್ನಿಗೆ. ಈಗ ಅಲ್ಲಿ ಮಾಲ್ಗುಡಿ ಹೆಸರಿನ ಮ್ಯೂಸಿಯಂ ಇದೆ. ತೆಗೆದವರು ಕನ್ನಡದವರು, ನಟಿಸಿದವರಲ್ಲಿ ಬಹಳ ಜನ ಕನ್ನಡದವರು, ಊರು ನಮ್ಮದು. ಆದರೆ ಅದನ್ನು ಮಾಡಿದ್ದು ಹಿಂದಿಯಲ್ಲಿ ಮತ್ತು ಇಂಗ್ಲಿಷಿನಲ್ಲಿ. ಪಕ್ಕದೂರಿನ ಸ್ಟೇಷನ್ ಟಿವಿಯಲ್ಲಿ ಬಂದರೂ ಅಲ್ಲಿ ಮಾತಾಡೋದು ನಮ್ಮ ಮನೆಯ ಮಾತಲ್ಲ. ಇದಕ್ಕೆ ನಾವೆಲ್ಲ ಒಗ್ಗಿಹೋಗಿದ್ದೆವು.

ಅದಕ್ಕೇ ಆ ಪೋಸ್ಟರ್ ನಮಗೆ ಅಷ್ಟು ದೊಡ್ಡದಾಗಿ ಕಂಡಿತು.

ಬಸ್ಸು ತ್ಯಾವರೆಕೊಪ್ಪದ ಸಿಂಹಧಾಮ ದಾಟುವಾಗ ಪುಟ್ಟ ಯಾವಾಗಲೂ ಕಿಟಕಿಗೆ ಮೂಗು ಅಂಟಿಸ್ತಾನೆ, ರಸ್ತೆಗೇ ಹುಲಿ ಬಂದುಬಿಡುತ್ತೆ ಅನ್ನೋ ಹಾಗೆ. ಅವತ್ತು ಆ ಕಡೆ ನೋಡಲೂ ಇಲ್ಲ. ಶಿವಮೊಗ್ಗದ ಒಳಗೆ ಹೋಗುವಾಗ ಕಂಡಕ್ಟರ್ "ಆಯನೂರು ಗೇಟ್" ಅಂತ ಕೂಗಿದಾಗ ಮಾತ್ರ ನಕ್ಕ. ಪೇಟೆಯಲ್ಲೂ ನಮ್ಮೂರ ಹೆಸರಿದೆ ಅನ್ನೋದು ಅವನಿಗೆ ಪ್ರತಿಸಲವೂ ಹೊಸ ಸುದ್ದಿ.

ಥಿಯೇಟರಿನ ಕೌಂಟರಿನಲ್ಲಿ ನಾಲ್ಕು ಟಿಕೆಟ್ ಕೇಳಿದೆವು, ಕನ್ನಡದ್ದು.

"ಕನ್ನಡದ್ದು ಇಲ್ಲ. ಇಂಗ್ಲಿಷ್ ಇದೆ."

"ಕನ್ನಡದಲ್ಲಿ ಬಂದಿದೆಯಲ್ಲ ಅಣ್ಣ?"

"ಬಂದಿರಬಹುದು. ಇಲ್ಲಿ ಇಲ್ಲ. ಯಾರೂ ಕೇಳಲ್ಲ ಮೇಡಂ."

ತಪ್ಪು ನಮ್ಮದೇ. ಹತ್ತು ಭಾಷೆ ಅಂತ ಪೋಸ್ಟರಿನಲ್ಲಿ ಇದ್ದ ಮಾತ್ರಕ್ಕೆ ಹತ್ತೂ ಭಾಷೆ ನಮ್ಮ ಬಸ್ಸು ಹೋಗೋ ಊರಿಗೆ, ನಾವು ಹೋಗೋ ಥಿಯೇಟರಿಗೆ, ನಾವು ಹೋಗೋ ದಿನಕ್ಕೆ ಬರುತ್ತೆ ಅಂದುಕೊಂಡಿದ್ದೆವು. ಫೋನಿನಲ್ಲಿ ಎರಡು ನಿಮಿಷ ನೋಡಿದ್ದರೆ ಗೊತ್ತಾಗ್ತಿತ್ತು. ಸುದ್ದಿಯನ್ನು ಪರೀಕ್ಷೆ ಮಾಡದೆ ಬರೀಬಾರದು ಅಂತ ಎರಡು ವರ್ಷ ಪಾಠ ಕೇಳಿ, ಅದಕ್ಕೆ ಮಾರ್ಕ್ಸು ತಗೊಂಡು ಬಂದವರು ನಾವು.

ವಾಪಸ್ ಹೋಗೋಣವಾ ಅಂತ ಒಂದು ಕ್ಷಣ ಯೋಚಿಸಿದೆವು. ಪುಟ್ಟ ಕೊಡೆ ಹಿಡ್ಕೊಂಡು ಪೋಸ್ಟರಿನ ಮುಂದೆ ನಿಂತಿದ್ದ. ಇಂಗ್ಲಿಷಿಗೇ ನಾಲ್ಕು ಟಿಕೆಟ್ ತಗೊಂಡೆವು.

"ನಾವು ಕಿವಿಯಲ್ಲಿ ಹೇಳ್ತೀವಿ ಕಣೋ" ಅಂದೆವು.

ಅವನು ಏನೂ ಅನ್ನಲಿಲ್ಲ.

ಸಿನಿಮಾ ಬಗ್ಗೆ ಹೇಳಬೇಕು. ನೋಡಿಲ್ಲದವರಿಗೆ ಮೊದಲಿಂದ ಹೇಳ್ತೀವಿ.

ಇದು ಆನಿಮೇಷನ್ ಸಿನಿಮಾ. 2018ರಲ್ಲಿ ಮೊದಲ ಭಾಗ 'ಇನ್‌ಟು ದ ಸ್ಪೈಡರ್‌ವರ್ಸ್' ಬಂತು, ಮುಂದಿನ ವರ್ಷ ಆಸ್ಕರ್ ತಗೊಂಡಿತು. ಇದರಲ್ಲಿ ಸ್ಪೈಡರ್‌ಮ್ಯಾನ್ ನಮಗೆ ಗೊತ್ತಿರೋ ಪೀಟರ್ ಪಾರ್ಕರ್ ಅಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಮೈಲ್ಸ್ ಮೊರಾಲೆಸ್ ಅನ್ನೋ ಹುಡುಗ. ಅಪ್ಪ ಕಪ್ಪು ಜನಾಂಗದ ಪೊಲೀಸ್, ಅಮ್ಮ ಪೋರ್ಟೊ ರಿಕೊ ಮೂಲದ ನರ್ಸು. ಒಂದು ದೊಡ್ಡ ಯಂತ್ರ ಬೇರೆ ಬೇರೆ ಲೋಕಗಳಿಗೆ ಬಾಗಿಲು ತೆರೆದುಬಿಡುತ್ತೆ. ಪ್ರತಿ ಲೋಕದಲ್ಲೂ ಒಂದು ಭೂಮಿ, ಪ್ರತಿ ಭೂಮಿಗೂ ಒಬ್ಬ ಸ್ಪೈಡರ್‌ಮ್ಯಾನ್. ಪುಟ್ಟನಿಗೆ ಇದನ್ನು ವಿವರಿಸೋದು ಕಷ್ಟವಾಗಲಿಲ್ಲ. ಅಜ್ಜಿ ಹೇಳೋ ಕಥೆಯಲ್ಲಿ ಹದಿನಾಲ್ಕು ಲೋಕ ಇವೆ, ಇದರಲ್ಲಿ ಸ್ವಲ್ಪ ಜಾಸ್ತಿ ಅಂದೆವು.

ಮೊದಲ ಭಾಗದಲ್ಲಿ ನಮಗೆ ಬಹಳ ಹಿಡಿಸಿದ ಒಂದು ವಿಷಯ ಇದೆ. ಸಿನಿಮಾ ಅಂದರೆ ಸೆಕೆಂಡಿಗೆ 24 ಚಿತ್ರ ಓಡೋದು. ಆ ಸಿನಿಮಾ ಮಾಡಿದವರು, ಮೈಲ್ಸ್ ಇನ್ನೂ ಕಲಿಯುತ್ತಿರುವಾಗ ಅವನಿಗೆ ಸೆಕೆಂಡಿಗೆ 12 ಚಿತ್ರ ಮಾತ್ರ ಕೊಟ್ಟಿದ್ದರು. ಪಕ್ಕದಲ್ಲಿ ಹಾರೋ ಅನುಭವಸ್ಥ ಸ್ಪೈಡರ್‌ಮ್ಯಾನಿಗೆ 24. ಹಾಗಾಗಿ ಹುಡುಗ ತಡವರಿಸ್ತಾನೆ, ದೊಡ್ಡವನು ಸಲೀಸಾಗಿ ಹೋಗ್ತಾನೆ. ಹುಡುಗನಿಗೆ ಧೈರ್ಯ ಬಂದ ಮೇಲೆ ಅವನೂ ಸಲೀಸಾಗ್ತಾನೆ. ಹಳ್ಳಿಯಿಂದ ಪೇಟೆ ಕಾಲೇಜಿಗೆ ಹೋದವರಿಗೆ ಈ 12 ಮತ್ತು 24ರ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೇ ಭಾಗವೂ ಕಣ್ಣಿಗೆ ಹಬ್ಬ. ಗ್ವೆನ್ ಅನ್ನೋ ಹುಡುಗಿಯ ಲೋಕ ಪೂರ್ತಿ ಒದ್ದೆ ಬಣ್ಣದಲ್ಲಿ ಬರೆದ ಹಾಗಿದೆ. ಅವಳು ಅಪ್ಪನ ಜೊತೆ ಜಗಳವಾಡುವಾಗ ಗೋಡೆಯ ಬಣ್ಣವೇ ಇಳಿದು ಹರಿಯುತ್ತೆ. ಆ ದೃಶ್ಯಕ್ಕೆ ನಾವು ಏನೂ ಹೇಳಬೇಕಾಗಲಿಲ್ಲ. ಪುಟ್ಟನೇ "ಅವಳಿಗೆ ಬೇಜಾರಾಗಿದೆ" ಅಂದ.

ಆದರೆ ಉಳಿದ ಕಡೆ ಮಾತು ಜಾಸ್ತಿ, ವೇಗ ಜಾಸ್ತಿ. ನಾವು ಒಂದು ಮಾತು ಕನ್ನಡಕ್ಕೆ ತರೋ ಹೊತ್ತಿಗೆ ಅಲ್ಲಿ ನಾಲ್ಕು ಮಾತು ಆಗಿಹೋಗ್ತಿತ್ತು. ಎಡಗಿವಿಗೆ ಚಿಕ್ಕಿ, ಬಲಗಿವಿಗೆ ಮಾಮ. ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು. ಸಿನಿಮಾ 140 ನಿಮಿಷ. ಒಂದು ಗಂಟೆ ಆದ ಮೇಲೆ ಪುಟ್ಟ ಮೆಲ್ಲಗೆ ಹೇಳಿದ, "ಸಾಕು ಚಿಕ್ಕಿ, ಸುಮ್ನೆ ನೋಡ್ತೀನಿ."

ನಾವು ಚಿಕ್ಕವರಿದ್ದಾಗ ಹಿಂದಿ ಟಿವಿ ಮುಂದೆ ಕೂತು ಮಾಡ್ತಿದ್ದದ್ದೂ ಅದನ್ನೇ. ಸುಮ್ನೆ ನೋಡೋದು.

ಅಷ್ಟರಲ್ಲಿ ನಾವು ಕಾಯ್ತಿದ್ದ ಪವಿತ್ರ್ ಪ್ರಭಾಕರ್ ಬಂದ. ಭಾರತದ ಸ್ಪೈಡರ್‌ಮ್ಯಾನ್.

ಪವಿತ್ರನನ್ನು ನಾವು ಮೊದಲೇ ಬಲ್ಲವರು. ಎಂಎ ಓದುವಾಗ ಒಮ್ಮೆ ಬೆಂಗಳೂರಿಗೆ ಹೋದಾಗ, ಅವೆನ್ಯೂ ರೋಡಿನ ಹಳೇ ಪುಸ್ತಕದ ರಾಶಿಯಲ್ಲಿ 'ಸ್ಪೈಡರ್‌ಮ್ಯಾನ್: ಇಂಡಿಯಾ' ಅನ್ನೋ ಕಾಮಿಕ್ಸ್ ಸಿಕ್ಕಿತ್ತು. 2004ರಲ್ಲಿ ಶುರುವಾದ ನಾಲ್ಕೇ ಸಂಚಿಕೆಯ ಕಥೆ. ಜೀವನ್ ಕಾಂಗ್, ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಸೇರಿ ಮಾಡಿದ್ದು. ಅದು ಇಂಗ್ಲಿಷಿನಲ್ಲೇ ಇತ್ತು, ಆದರೆ ಅದರೊಳಗಿನ ಹುಡುಗ ನಮ್ಮವನಾಗಿದ್ದ. ಯಾಕೆ ಅಂದರೆ ಆ ಪವಿತ್ರ ಹಳ್ಳಿಯವನು. ಅಪ್ಪ ಅಮ್ಮ ಇಲ್ಲ. ಸ್ಕಾಲರ್‌ಶಿಪ್ ಸಿಕ್ಕಿತು ಅಂತ ಭೀಮ್ ಮಾವ, ಮಾಯಾ ಅತ್ತೆ ಜೊತೆ ಮುಂಬೈಗೆ ಓದಲು ಬರ್ತಾನೆ. ಪಂಚೆ ಉಟ್ಟುಕೊಂಡು ಶಾಲೆಗೆ ಹೋಗ್ತಾನೆ. ಪೇಟೆ ಹುಡುಗರು ಅವನ ಬಟ್ಟೆ ನೋಡಿ, ಹಳ್ಳಿ ಗುಗ್ಗು ಅಂತ ಕಾಡ್ತಾರೆ, ಹೊಡೀತಾರೆ. ಒಂದು ದಿನ ಗೂಂಡಾಗಳ ಕೈಗೆ ಸಿಕ್ಕ ಹೆಂಗಸಿಗೆ ಅವನು ಸಹಾಯ ಮಾಡದೆ ಮುಂದೆ ಹೋಗ್ತಾನೆ. ಅವಳನ್ನು ಬಿಡಿಸಲು ಹೋದ ಭೀಮ್ ಮಾವ ಸಾಯ್ತಾನೆ.

ಆ ಪುಸ್ತಕದ ಹಾಳೆ ಕಿತ್ತುಹೋಗೋ ತನಕ ನಾವು ಓದಿದೆವು. ನಮ್ಮ ಮೂವರಲ್ಲಿ ಪೇಟೆ ಕಾಲೇಜಿನ ಮೊದಲ ವಾರ ಮಾತಿನ ರೀತಿಗೋ ಚಪ್ಪಲಿಗೋ ನಗೆಪಾಟಲಾಗದವರು ಯಾರೂ ಇಲ್ಲ. ಆಯನೂರಿಂದ ಶಿವಮೊಗ್ಗ ಎಷ್ಟು ದೂರ ಮಹಾ, ಅರ್ಧ ಮುಕ್ಕಾಲು ಗಂಟೆ ದಾರಿ. ಆದರೂ ಅಲ್ಲಿಗೆ ಹೋದ ಮೊದಲ ದಿನ "ಯಾವ್ ಹಳ್ಳಿ?" ಅಂತ ಕೇಳಿಸ್ಕೋಬೇಕು. ಜಗತ್ತಿನ ಎಲ್ಲ ಸ್ಪೈಡರ್‌ಮ್ಯಾನ್‌ಗಳ ನಡುವೆ ಹಾಗೆ ಕೇಳಿಸಿಕೊಂಡವನೊಬ್ಬ ಇದ್ದಾನೆ ಅನ್ನೋದೇ ನಮಗೊಂದು ಧೈರ್ಯ.

ಸಿನಿಮಾದ ಪವಿತ್ರ ಅವನಲ್ಲ.

ಇವನು ಮುಂಬ್ಯಾಟನ್ ಅನ್ನೋ ಊರಿನವನು. ಮುಂಬೈ ಮತ್ತು ಮ್ಯಾನ್‌ಹಟನ್ ಸೇರಿಸಿ ಒಂದರ ಮೇಲೊಂದು ಪೇರಿಸಿದ ಹಾಗಿರೋ ಊರು. ನೋಡಲು ಸೊಗಸು, ಸುಳ್ಳು ಹೇಳಲ್ಲ. ಹುಡುಗನೂ ಸೊಗಸು. ಕೂದಲು ಚೆಂದ, ನಗು ಚೆಂದ, ಪ್ರೀತಿಸೋ ಹುಡುಗಿ ಇದ್ದಾಳೆ, ಸ್ಪೈಡರ್‌ಮ್ಯಾನ್ ಆಗಿರೋದು ಅವನಿಗೆ ಸುಲಭದ ಕೆಲಸ, ಅದನ್ನು ಅವನೇ ಹೇಳಿಕೊಳ್ತಾನೆ. ಒಂಟಿತನ ಇಲ್ಲ, ಬಡತನ ಇಲ್ಲ, ಹೊಡೆಸಿಕೊಂಡ ನೆನಪಿಲ್ಲ. ಅವನ ಹಳ್ಳಿಯನ್ನು ರಬ್ಬರ್ ಹಾಕಿ ಅಳಿಸಿದ ಹಾಗಿತ್ತು.

ಅವನದೊಂದು ದೊಡ್ಡ ತಮಾಷೆ ಇದೆ. ಮೈಲ್ಸ್ 'ಚಾಯ್ ಟೀ' ಅಂತಾನೆ. ಪವಿತ್ರ ಸಿಟ್ಟಾಗಿ, ಚಾಯ್ ಅಂದ್ರೇನೇ ಟೀ ಅಂತ ಹೇಳ್ತಾನೆ. ಥಿಯೇಟರ್ ತುಂಬ ನಗು. ನಾವೂ ನಕ್ಕು ಪುಟ್ಟನಿಗೆ ಹೇಳಿದೆವು, "ಚಾಯ್ ಅಂದ್ರೆ ಟೀ ಅಂತೆ."

"ಹೌದಲ್ಲ. ಅದಕ್ಕೇನು?" ಅಂದ.

ಅದಕ್ಕೇನು ಅಂದರೆ, ಏನೂ ಇಲ್ಲ. ನಮ್ಮ ಮನೆಯಲ್ಲಿ ನಾವು ಕುಡಿಯೋದು ಟೀ. ಆ ತಮಾಷೆ ಚಾಯ್ ಅನ್ನೋರದ್ದು, ಅಮೆರಿಕದಲ್ಲಿ ಅದನ್ನು ತಪ್ಪಾಗಿ ಅನ್ನೋರನ್ನ ಕಂಡವರದ್ದು. ಭಾರತದ ಸ್ಪೈಡರ್‌ಮ್ಯಾನ್ ಅಂತ ಕರೆದ ಮೇಲೆ ಅವನು ಆಯನೂರಿನವನೇ ಆಗಿರಬೇಕು ಅಂತ ನಾವು ಹೇಳಲ್ಲ. ಆದರೆ 2004ರಲ್ಲಿ ನಾಲ್ಕು ಸಂಚಿಕೆಯ ಸಣ್ಣ ಪುಸ್ತಕಕ್ಕೆ ಕಂಡಿದ್ದ ಹಳ್ಳಿ, ಅಷ್ಟು ದೊಡ್ಡ ಸಿನಿಮಾಕ್ಕೆ ಯಾಕೆ ಕಾಣಲಿಲ್ಲ?

ಅಮೆರಿಕದ ಮೈಲ್ಸನ ಮನೆಯನ್ನು ಇದೇ ಸಿನಿಮಾ ಎಷ್ಟು ಪ್ರೀತಿಯಿಂದ ನೋಡಿದೆ ಅಂತ ಗೊತ್ತಿರೋದರಿಂದಲೇ ಈ ಬೇಜಾರು. ಅವನ ಅಮ್ಮ ಮಾತಿನ ಮಧ್ಯೆ ಸ್ಪ್ಯಾನಿಷಿಗೆ ಹೊರಳ್ತಾಳೆ, ಮನೆಯ ಮಾತು ಹೊರಳುವ ಹಾಗೆಯೇ. ಶಾಲೆಯಲ್ಲಿ ಮಗನಿಗೆ ಸ್ಪ್ಯಾನಿಷಿನಲ್ಲಿ ಬಿ ಗ್ರೇಡ್ ಅಂತ ಗೊತ್ತಾದಾಗ ಅವಳಿಗೆ ಆಗೋ ನೋವು ನೋಡಬೇಕು. ತಾಯ್ನುಡಿ ಮಗನ ಬಾಯಿಂದ ಜಾರ್ತಾ ಇದೆ ಅನ್ನೋದನ್ನು ಒಂದು ನಗುವಿನ ದೃಶ್ಯದಲ್ಲೇ ಹೇಳಿಬಿಡ್ತಾರೆ. ಅಷ್ಟು ಗೊತ್ತಿದ್ದವರು ಪವಿತ್ರನ ಮನೆಯೊಳಗೂ ಒಮ್ಮೆ ಹೋಗಿಬರಬಹುದಿತ್ತು.

ಕಥೆಯ ನಡುಭಾಗದಲ್ಲಿ ಮಿಗೆಲ್ ಅನ್ನೋ ದೊಡ್ಡ ಸ್ಪೈಡರ್‌ಮ್ಯಾನ್ ಒಂದು ನಿಯಮ ಹೇಳ್ತಾನೆ. ಪ್ರತಿ ಸ್ಪೈಡರ್‌ಮ್ಯಾನಿನ ಬದುಕಲ್ಲೂ ಕೆಲವು ಕೆಟ್ಟ ಘಟನೆಗಳು ಆಗಲೇಬೇಕು. ಹತ್ತಿರದವರು ಸಾಯಲೇಬೇಕು. ತಪ್ಪಿಸಿದರೆ ಲೋಕವೇ ಹರಿದುಹೋಗುತ್ತೆ. ಮೈಲ್ಸನ ಅಪ್ಪ ಸಾಯೋದೂ ಆ ಪಟ್ಟಿಯಲ್ಲಿದೆ. ಮೈಲ್ಸ್ ಒಪ್ಪಲ್ಲ. ನನ್ನ ಕಥೆ ನಾನೇ ಬರ್ಕೊಳ್ತೀನಿ ಅಂತ ಓಡ್ತಾನೆ. ನೂರಾರು ಸ್ಪೈಡರ್‌ಮ್ಯಾನ್‌ಗಳು ಅವನ ಹಿಂದೆ ಬೀಳ್ತಾರೆ.

ಆ ಓಟ ನೋಡುವಾಗ ನಮಗೆ ಡಬ್ಬಿಂಗಿನ ಹಳೇ ಜಗಳ ನೆನಪಾಯಿತು. ಇದು ಹೀಗೇ ಇರಬೇಕು, ಬದಲಾಯಿಸಿದರೆ ಎಲ್ಲ ಕುಸಿದುಬೀಳುತ್ತೆ ಅಂತ ಹಿರಿಯರು ಹೇಳಿದ್ದನ್ನು ನಾವೂ ಕೇಳಿಕೊಂಡು ಬೆಳೆದವರು. ಡಬ್ಬಿಂಗ್ ಬಂತು. ಅದರ ಮುಂದಿನ ವರ್ಷ, 2018ರಲ್ಲಿ, 'ಕೆಜಿಎಫ್' ಕನ್ನಡದಿಂದ ಬೇರೆ ಭಾಷೆಗಳಿಗೆ ಹೋಯಿತು. 2022ರಲ್ಲಿ 'ಕಾಂತಾರ' ಹೋಯಿತು. ಲೋಕ ಹರಿಯಲಿಲ್ಲ. ಆದರೆ ತಡೆ ಹೋದ ಮಾತ್ರಕ್ಕೆ ಕನ್ನಡ ನಮ್ಮ ಸೀಟಿನ ತನಕ ಬಂದುಬಿಡಲಿಲ್ಲ ಅನ್ನೋದು ಅವತ್ತು ನಮ್ಮ ಮಧ್ಯೆ ಕೂತ ಹುಡುಗನನ್ನು ನೋಡಿದರೆ ಗೊತ್ತಾಗ್ತಿತ್ತು.

ಕೊನೆಯಲ್ಲಿ ಮೈಲ್ಸ್ ಯಂತ್ರ ಹತ್ತಿ ಮನೆಗೆ ಹೋಗ್ತಾನೆ. ಆದರೆ ಅದು ಅವನ ಮನೆಯಲ್ಲ, ಬೇರೆ ಲೋಕದ ಮನೆ. ಅಲ್ಲಿ ಅವನ ಅಪ್ಪ ಆಗಲೇ ಸತ್ತಿದ್ದಾನೆ. ಅಲ್ಲಿನ ಇನ್ನೊಬ್ಬ ಮೈಲ್ಸ್ ಕಳ್ಳದಾರಿ ಹಿಡಿದಿದ್ದಾನೆ. ನಮ್ಮ ಮೈಲ್ಸನನ್ನು ಕಟ್ಟಿಹಾಕಿದ್ದಾರೆ. ಈ ಕಡೆ ಗ್ವೆನ್ ಸ್ನೇಹಿತರನ್ನು ಸೇರಿಸಿಕೊಂಡು ಅವನನ್ನು ಹುಡುಕಲು ಹೊರಡ್ತಾಳೆ. ಪುಟ್ಟ ಸೀಟಿನ ತುದಿಗೆ ಬಂದಿದ್ದ. ಮಾತು ಅರ್ಥವಾಗದಿದ್ದರೂ ಅಪ್ಪ ಸತ್ತಿದ್ದಾನೆ, ಹುಡುಗನನ್ನು ಕಟ್ಟಿಹಾಕಿದ್ದಾರೆ ಅನ್ನೋದು ಅವನಿಗೆ ಅರ್ಥವಾಗಿತ್ತು.

ಪರದೆ ಕಪ್ಪಾಯಿತು. ಮುಂದುವರಿಯುವುದು ಅಂತ ಬಂತು.

ಜನ ಎದ್ದರು. ಪುಟ್ಟ ಏಳಲಿಲ್ಲ. "ಇಂಟರ್‌ವಲ್ಲಾ ಚಿಕ್ಕಿ?"

"ಇಲ್ಲ ಪುಟ್ಟಾ. ಮುಗೀತು."

"ಎಲ್ಲಿ ಮುಗೀತು? ಅವನನ್ನ ಕಟ್ಟಿಹಾಕಿದ್ದಾರಲ್ಲ."

ನಮ್ಮ ಬಳಿ ಉತ್ತರ ಇರಲಿಲ್ಲ. ಮೂರನೇ ಭಾಗ 2024ರ ಮಾರ್ಚಿಗೆ ಅಂತ ಆಗ ಹೇಳಿದ್ದರು. ಅದನ್ನೇ ಹೇಳಿದೆವು. ಇನ್ನು ಒಂಬತ್ತು ತಿಂಗಳು, ನಿನ್ನ ವಾರ್ಷಿಕ ಪರೀಕ್ಷೆ ಹೊತ್ತಿಗೆ ಬರುತ್ತೆ ಅಂತ ಎರಡನೇ ಮಾತು ಕೊಟ್ಟೆವು. ಮೊದಲನೇ ಮಾತು ಮುರಿದು ಮೂರು ಗಂಟೆಯೂ ಆಗಿರಲಿಲ್ಲ.

ಬೆಳೆದವರಾದ ನಮಗೂ ಸಿಟ್ಟು ಬಂದಿತ್ತು. ದೊಡ್ಡ ಕಥೆಯನ್ನು ಎರಡು ಭಾಗ ಮಾಡೋದು ತಪ್ಪಲ್ಲ. ಯಕ್ಷಗಾನದಲ್ಲಿ ಒಂದು ರಾತ್ರಿಗೆ ಒಂದು ಪ್ರಸಂಗವನ್ನೇ ತಗೊಂಡರೂ ಬೆಳಗಾಗೋ ಹೊತ್ತಿಗೆ ಆ ರಾತ್ರಿಯ ಲೆಕ್ಕ ಚುಕ್ತಾ ಆಗಿರುತ್ತೆ. ಮಹಾಭಾರತ ಬಾಕಿ ಇದ್ದರೂ ಕೀಚಕನ ಲೆಕ್ಕ ಬಾಕಿ ಇರಲ್ಲ. ಇಲ್ಲಿ ಗ್ವೆನ್ ಮತ್ತು ಅವಳ ಅಪ್ಪನ ಲೆಕ್ಕ ಬಿಟ್ಟರೆ ಎಲ್ಲವೂ ಬಾಕಿ. ಟಿಕೆಟ್ ತಗೊಂಡವನಿಗೆ ಇದು ಅರ್ಧ ಅಂತ ಪೋಸ್ಟರಿನಲ್ಲಿ ಎಲ್ಲೂ ಕಾಣಲಿಲ್ಲ.

ಹೊರಗೆ ಬಂದು ಊಟ ಮಾಡಿ ಬಸ್ ಸ್ಟ್ಯಾಂಡಿಗೆ ನಡೆದೆವು. ಅಷ್ಟೊತ್ತಿಗೆ ಯೋಜನೆ ಶುರುವಾಗಿತ್ತು. ನಮ್ಮ ಸಾಗರ ಲೈನಿನಲ್ಲಿ ಖಾಸಗಿ ಬಸ್ಸುಗಳೂ ಓಡ್ತವೆ. ಆದರೆ ಹುಡುಗಿಯರಿಬ್ಬರೂ ಹಟ ಹಿಡಿದು ಸರ್ಕಾರಿ ಬಸ್ಸಿಗೇ ಕಾದೆವು. ಬಸ್ಸಿನೊಳಗೆ ಹಬ್ಬದ ವಾತಾವರಣ. ಆಧಾರ್ ಕಾರ್ಡ್ ತೋರಿಸಿ ದುಡ್ಡಿಲ್ಲದ ಟಿಕೆಟ್ ತಗೊಂಡೆವು. ನಮ್ಮ ಜೊತೆಗಿದ್ದ ಹುಡುಗ ತನ್ನದು ಮತ್ತು ಪುಟ್ಟನ ಅರ್ಧ ಟಿಕೆಟಿನ ದುಡ್ಡು ಕೊಡುವಾಗ ಮುಖ ಗಂಟಿಕ್ಕಿದ. ಅವತ್ತಿನ ದಿನದಲ್ಲಿ ಹೇಳಿದ ಹಾಗೇ ನಡೆದಿದ್ದು ಅದೊಂದೇ.

ಪುಟ್ಟ ಕಿಟಕಿ ಪಕ್ಕ ಸುಮ್ಮನೆ ಕೂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಕೇಳಿದ, "ಆ ಪವಿತ್ರಂದು ಯಾವೂರು?"

"ಮುಂಬ್ಯಾಟನ್ ಅಂತ ತೋರಿಸಿದ್ರಲ್ಲ."

"ಅದು ಪೇಟೆ. ಅವನ ಊರು ಯಾವುದು?"

ಆಗ ನಾವು ಕಾಮಿಕ್ಸಿನ ಕಥೆ ಹೇಳಿದೆವು. ಶಿವಮೊಗ್ಗ ಬಿಟ್ಟಲ್ಲಿಂದ ಆಯನೂರು ಬರೋ ತನಕ. ಈ ಸಲ ಕಿವಿಯಲ್ಲಿ ಅಲ್ಲ, ಬಾಯಿಬಿಟ್ಟು. ಹಳ್ಳಿ ಹುಡುಗ, ಪಂಚೆ, ಸ್ಕಾಲರ್‌ಶಿಪ್ಪು, ಹೊಡೆಯೋ ಪೇಟೆ ಹುಡುಗರು, ಶಕ್ತಿ ಕೊಡೋ ಯೋಗಿ, ಭೀಮ್ ಮಾವನ ಸಾವು. ಹಿಂದಿನ ಸೀಟಿನ ಅಜ್ಜಿಯೊಬ್ಬರು "ಅಯ್ಯೋ ಪಾಪ, ಮಾವನ್ನ ಕೊಂದ್ರಾ?" ಅಂತ ಸೇರಿಕೊಂಡರು. ಪುಟ್ಟ ನಡುನಡುವೆ ಪ್ರಶ್ನೆ ಕೇಳಿದ. ಆ ಹುಡುಗ ಬಸ್ಸಲ್ಲಿ ಹೋಗಿದ್ದಾ, ರೈಲಲ್ಲಿ ಹೋಗಿದ್ದಾ? ಅವನ ಊರಲ್ಲಿ ಅಡಿಕೆ ತೋಟ ಇತ್ತಾ? ನಮಗೆ ಗೊತ್ತಿಲ್ಲದ್ದಕ್ಕೆ ಅವನೇ ಉತ್ತರ ಮಾಡಿಕೊಂಡ. ಊರು ಆಯನೂರು, ರೈಲು ಹತ್ತಿದ್ದು ಕುಂಸಿ ಸ್ಟೇಷನ್ನಿನಲ್ಲಿ. ಹಾಗೆ ತೀರ್ಮಾನವಾಯಿತು.

ಅದಾದ ಮೇಲೆ ನಡೆದಿದ್ದು ಪತ್ರಿಕೆಗಳಲ್ಲೂ ಬಂದಿದೆ. 2023ರ ಜುಲೈನಲ್ಲಿ ಹಾಲಿವುಡ್ಡಿನ ನಟರ ಮುಷ್ಕರ ಶುರುವಾಯಿತು. 2024ರ ಮಾರ್ಚ್ ಅನ್ನೋ ತಾರೀಕು ಅಳಿಸಿಹೋಯಿತು. ಎರಡನೇ ಭಾಗ ಮಾಡುವಾಗ ಕೆಲಸದ ಒತ್ತಡ ತಾಳಲಾಗದೆ ಬಹಳ ಕಲಾವಿದರು ಬಿಟ್ಟುಹೋದರು ಅಂತಲೂ ವರದಿ ಬಂತು. ಅದನ್ನು ಓದಿದ ಮೇಲೆ, ಬೇಗ ಮಾಡಿ ಅಂತ ಕೂಗೋ ಮನಸ್ಸು ನಮಗೆ ಉಳಿಯಲಿಲ್ಲ. ಯಾರದ್ದೋ ನಿದ್ದೆ ಕೆಡಿಸಿ ನಮಗೆ ಕಥೆ ಬೇಡ. ಈಗ ಮೂರನೇ ಭಾಗ 'ಬಿಯಾಂಡ್ ದ ಸ್ಪೈಡರ್‌ವರ್ಸ್' 2027ರ ಜೂನಿಗೆ ಅಂತ ಹೇಳಿದ್ದಾರೆ. ಒಂಬತ್ತು ತಿಂಗಳು ಅಂದಿದ್ದು ನಾಲ್ಕು ವರ್ಷ ಆಯಿತು.

ನಾಲ್ಕು ವರ್ಷ ನಮಗೆ ದೊಡ್ಡದಲ್ಲ. ಪುಟ್ಟನಿಗೆ ದೊಡ್ಡದು. ಕನ್ನಡ ಬೇಕಾಗಿದ್ದ ಒಂಬತ್ತರ ಹುಡುಗ ಈಗಿಲ್ಲ. ಆರನೇ ಕ್ಲಾಸಿಗೆ ಅವನನ್ನು ಶಿವಮೊಗ್ಗದ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ್ದಾರೆ, ವ್ಯಾನು ಬರುತ್ತೆ. ಮನೆಯವರನ್ನು ನಾವು ದೂರೋದಿಲ್ಲ, ನಮ್ಮ ಮಕ್ಕಳಾದರೆ ನಾವೇನು ಮಾಡ್ತೀವಿ ಅಂತ ನಮಗೇ ಗೊತ್ತಿಲ್ಲ. ಇತ್ತೀಚೆಗೆ ಅವನು ಫೋನಿನಲ್ಲಿ ಸ್ಪೈಡರ್‌ಮ್ಯಾನ್ ನೋಡ್ತಾ ಕೂತಿದ್ದ, ಇಂಗ್ಲಿಷಿನಲ್ಲಿ. ಅವನ ಚಿಕ್ಕಿ ಅಭ್ಯಾಸಬಲದಿಂದ ಪಕ್ಕ ಕೂತು ಅರ್ಥ ಹೇಳಲು ಹೋದಳು. "ಬೇಡ ಚಿಕ್ಕಿ, ನಂಗೆ ಅರ್ಥ ಆಗುತ್ತೆ" ಅಂದ. ಒಳ್ಳೇದೇ ಅಲ್ಲವಾ? ಆದರೂ ಅವಳು ಅದನ್ನು ನಮಗೆ ಹೇಳುವಾಗ ದನಿ ಸಣ್ಣಗಾಗಿತ್ತು. ಈ ಸಲದ ಪರೀಕ್ಷೆಯಲ್ಲಿ ಅವನಿಗೆ ಎಲ್ಲಕ್ಕಿಂತ ಕಡಿಮೆ ಮಾರ್ಕ್ಸು ಬಂದಿರೋದು ಕನ್ನಡದಲ್ಲಿ.

ನಮ್ಮ ನಿಜವಾದ ಬೇಜಾರು ಇದು. ಸಿನಿಮಾ ಅರ್ಧಕ್ಕೆ ನಿಂತಿದ್ದು ಮುಂದೊಂದು ದಿನ ಪೂರ್ತಿಯಾಗುತ್ತೆ. ಆದರೆ ಒಂದು ಮಗುವಿಗೆ ಕಥೆ ಅದರ ಮಾತಿನಲ್ಲೇ ಬೇಕು ಅನ್ನೋ ವಯಸ್ಸು ಬಹಳ ಸಣ್ಣದು. ನಮ್ಮದು ಹಿಂದಿ ಟಿವಿ ಮುಂದೆ ಕಳೆಯಿತು. ಪುಟ್ಟನದ್ದು ನಮ್ಮ ಪಿಸುಮಾತಿನಲ್ಲಿ ಕಳೆಯಿತು.

ಇದರಲ್ಲಿ ನಮ್ಮ ಪಾಲೂ ಇದೆ. "ಯಾರೂ ಕೇಳಲ್ಲ ಮೇಡಂ" ಅಂತ ಕೌಂಟರಿನಲ್ಲಿ ಹೇಳಿದಾಗ ನಾವು ಕೇಳ್ತಿದ್ದೀವಲ್ಲ ಅಂತ ಒಂದು ಮಾತು ಅನ್ನಲಿಲ್ಲ. ಇಂಗ್ಲಿಷ್ ಟಿಕೆಟಿಗೆ ದುಡ್ಡು ಕೊಟ್ಟು ಒಳಗೆ ಹೋದೆವು, ಅಂದರೆ ಅವರ ಲೆಕ್ಕದಲ್ಲಿ ನಾವೂ ಇಂಗ್ಲಿಷ್ ಕೇಳಿದವರೇ ಆದೆವು. ಇದೇ ಜಾಗದಲ್ಲಿ ಬಸ್ ಬರಲ್ಲ, ನಲ್ಲಿಯಲ್ಲಿ ನೀರಿಲ್ಲ ಅಂತ ಎಷ್ಟೋ ಸಲ ಬರೆದಿದ್ದೀವಿ. ಮಕ್ಕಳಿಗೆ ಕನ್ನಡದಲ್ಲಿ ಸಿನಿಮಾ ಸಿಗಲ್ಲ ಅಂತ ಬರೆಯೋದಕ್ಕೆ ಇಷ್ಟು ವರ್ಷ ಬೇಕಾಯಿತು. ನೀವು ಫೋನಿನಲ್ಲಿ ಮಕ್ಕಳಿಗೆ ಏನಾದರೂ ಹಾಕಿಕೊಡುವಾಗ ಭಾಷೆ ಆರಿಸೋ ಜಾಗ ಒಮ್ಮೆ ಒತ್ತಿ ನೋಡಿ. ಅಲ್ಲಿ ಕನ್ನಡ ಇದ್ದರೆ ಕನ್ನಡ ಹಾಕಿ. ಕೇಳೋರು ಇದ್ದಾರೆ ಅಂತ ಅವರಿಗೆ ಗೊತ್ತಾಗೋದು ಹಾಗೆಯೇ.

ಮೊನ್ನೆ ಪುಟ್ಟನನ್ನು ಕೇಳಿದೆವು, ಮೂರನೇ ಭಾಗ ಕನ್ನಡದಲ್ಲಿ ಬಂದರೆ ನಮ್ಮ ಜೊತೆ ಬರ್ತೀಯಾ ಅಂತ. ಫೋನಿನಿಂದ ತಲೆ ಎತ್ತಿದ.

"ಸಿಗುತ್ತಾ?"

ಸಿಗುತ್ತೆ ಅಂತ ಈ ಸಲ ಮಾತು ಕೊಡಲಿಲ್ಲ. ಒಂದು ವಾರ ಮೊದಲೇ ಥಿಯೇಟರಿಗೆ ಫೋನ್ ಮಾಡಿ ಕೇಳ್ತೀವಿ ಅಂದೆವು.

"ನಾನೂ ಕೇಳ್ತೀನಿ" ಅಂದ. ಆಮೇಲೆ ಏನೋ ನೆನಪಾಗಿ, "ಪವಿತ್ರ ಇರ್ತಾನಲ್ವಾ ಅದ್ರಲ್ಲಿ? ನಮ್ಮೂರಿನವನು?"